ಭೋಜರಾಜ ಮುಟ್ಟದ ಬಿಯರು

ಭೋಜರಾಜ ಕುಡಿಯುತ್ತಿರಲಿಲ್ಲ. ಉಳಿದದ್ದನ್ನು ಹೇಳುವ ಮೊದಲು ಇದನ್ನು ಬರೆದಿಡಬೇಕು. ಒಂಬತ್ತು ವರ್ಷ ಅವನು ಊರವರಿಗೆಲ್ಲ ಬಿಯರು ಬಗ್ಗಿಸಿ ಕೊಟ್ಟ. ಒಂದು ಗುಟುಕನ್ನೂ ತನ್ನ ನಾಲಿಗೆಗೆ ತಾಗಿಸಲಿಲ್ಲ. ಅವನು ಸತ್ತ ಹತ್ತನೆಯ ದಿನ ಸ್ಟೀಫನ್ ಎಂಬವನು ಇದಕ್ಕೆ ತೀರ ವಿರುದ್ಧವಾದದ್ದನ್ನು ಟೈಪ್ ಮಾಡಿಸಿ, ಕೆಳಗೆ ಸಹಿ ಹಾಕಿದ. ಆ ಸಹಿಯನ್ನು ಅವನಿಂದಲೇ ಅಳಿಸಿಸಲು ನನಗೆ ಮೂರು ತಿಂಗಳು ಹಿಡಿಯಿತು.

ಒಮಾನಿನ ಬರ್ಕಾದಿಂದ ಸೊಹಾರ್ ಕಡೆಗೆ ಹೋಗುವಾಗ ಬಲಕ್ಕೆ ಇಳಿದರೆ ಒಂದು ಸಣ್ಣ ಮೀನುಗಾರರ ಹಳ್ಳಿ. ಖರ್ಜೂರದ ತೋಟ, ಒಂದು ಮಸೀದಿ, ಮರಳಿನ ಮೇಲೆ ಎಳೆದಿಟ್ಟ ದೋಣಿಗಳು. ಹಳ್ಳಿಯಿಂದ ಸ್ವಲ್ಪ ಆಚೆ, ಅಲೆ ಬಂದು ಮೆಟ್ಟಿಲಿಗೆ ತಾಗುವಷ್ಟು ಹತ್ತಿರ, ಹೊರದೇಶದ ನೌಕರರಿಗಾಗಿ ಒಂದು ಕಂಪನಿ ಕಟ್ಟಿಸಿದ ರೆಸ್ಟ್‌ಹೌಸ್ ಇತ್ತು. ಅದರ ಬಾರಿಗೆ ಪರವಾನಗಿ ಇತ್ತು. ಕಟ್ಟಿಸಿದ ಇಂಗ್ಲಿಷರಿಗೆ ತಮ್ಮ ಹಳ್ಳಿಯ ಪಬ್ಬಿನ ನೆನಪು. ಮರದ ಕೌಂಟರು, ಗೋಡೆಗೆ ಬಾಣ ಎಸೆದು ಆಡುವ ಹಲಗೆ, ಹಡಗಿನಲ್ಲಿ ಬರುವ ಪೀಪಾಯಿಗಳಿಂದ ಹಿತ್ತಾಳೆಯ ನಲ್ಲಿಗೆ ಇಳಿಯುವ ಕಂದು ಬಿಯರು. ನಾವು ಕರಾವಳಿಯವರು ಅದನ್ನು 'ದಕ್ಕೆ' ಎಂದು ಕರೆಯುತ್ತಿದ್ದೆವು. ಊರಲ್ಲಿ ದೋಣಿ ಬಂದು ನಿಲ್ಲುವ ಜಾಗ ಹೇಗೋ, ಇಲ್ಲಿ ಗುರುವಾರ ಮಧ್ಯಾಹ್ನ ನಾವು ಹಾಗೆ ಬಂದು ನಿಲ್ಲುತ್ತಿದ್ದೆವು.

ನಾನು ಘಾಲಾದ ಒಂದು ಬಿಡಿಭಾಗಗಳ ಗೋದಾಮಿನಲ್ಲಿ ಗುಮಾಸ್ತ. ಗುರುವಾರ ಅರ್ಧ ದಿನ. ಒಂದು ಗಂಟೆಗೆ ಶಟರ್ ಎಳೆದರೆ ಎರಡೂವರೆಗೆ ದಕ್ಕೆಯಲ್ಲಿರುತ್ತಿದ್ದೆ. ಕೈಯಲ್ಲಿ ಯಾವಾಗಲೂ ಒಂದು ಪುಸ್ತಕ ಇರುತ್ತಿದ್ದುದರಿಂದ ಕೌಂಟರಿನ ಹಿಂದಿನ ಭೋಜರಾಜ ನನ್ನನ್ನು ಪಂಡಿತರೆಂದೇ ಕರೆಯುತ್ತಿದ್ದ.

"ಬನ್ನಿ ಪಂಡಿತ್ರೆ. ಪುಸ್ತಕ ಆಚೆ ಇಡಿ, ಬೂತಾಯಿಗೆ ಕಣ್ಣು ಬೇಡ, ಬಾಯಿ ಸಾಕು."

ಅವನ ಬೂತಾಯಿ ಪುಳಿಮುಂಚಿಯನ್ನು, ಆ ಮೀನಿನ ಹುಳಿಖಾರದ ಸಾರನ್ನು, ತಿನ್ನಲು ಸೊಹಾರಿನ ಗಣಿಯಿಂದ ಹೊನ್ನಪ್ಪ ಬರುತ್ತಿದ್ದ. ಹೊನ್ನಪ್ಪ ಮಂಡ್ಯದವನು, ಬಾಯ್ಲರ್ ಮೆಕ್ಯಾನಿಕ್ಕು. ಮೀನಿನ ಮುಳ್ಳು ತೆಗೆಯಲು ಭೋಜರಾಜನಿಂದ ಕಲಿತವನು. ಮೀನು ತರುತ್ತಿದ್ದವನು ಉಳ್ಳಾಲದ ಉಮರಬ್ಬ. ಅವನು ಹಿಂಬಾಗಿಲು ದಾಟಿ ಒಳಗೆ ಬಂದವನಲ್ಲ. "ನಿಮ್ಮ ಹರಾಮು ನಿಮಗೆ, ನನ್ನ ಮೀನೂ ನಿಮಗೆ" ಎಂದು ಬುಟ್ಟಿ ಇಳಿಸಿ, ಭೋಜರಾಜ ಮಾಡಿಕೊಟ್ಟ ಚಹಾ ಕುಡಿದು ಹೋಗುತ್ತಿದ್ದ.

ಭೋಜರಾಜನ ಅಪ್ಪ ಮೂಲ್ಕಿಯಲ್ಲಿ ಕಳ್ಳು ಇಳಿಸುವವರು. ಮರ ಹತ್ತುವವನು ಕುಡಿಯಬಾರದು, ಇಳಿಸಿದ ಮೊದಲ ಕಳ್ಳು ಗುಳಿಗನಿಗೆ. ಈ ಎರಡು ಮಾತು ಅವರ ಮನೆಯ ಕಾನೂನು. ಗುಳಿಗ ಆ ಮನೆಯ ಜಾಗ ಕಾಯುವ ದೈವ. 1984ರಲ್ಲಿ ಒಮಾನಿಗೆ ಬಂದ ಭೋಜರಾಜನಿಗೆ ಇಲ್ಲಿ ಮರ ಇರಲಿಲ್ಲ, ಪೀಪಾಯಿ ಇತ್ತು. ಹೊಸ ಪೀಪಾಯಿ ಜೋಡಿಸಿದ ಕೂಡಲೇ ಮೊದಲ ಗ್ಲಾಸು ತುಂಬಿಸಿ, ಪೀಪಾಯಿ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಇಡುತ್ತಿದ್ದ. ಮರುದಿನ ಬೆಳಿಗ್ಗೆಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಬೆಳಿಗ್ಗೆ ತಾನೇ ಒಯ್ದು ಹಿತ್ತಲಿನ ಬಾದಾಮಿ ಮರದ ಬುಡಕ್ಕೆ ಹೊಯ್ಯುತ್ತಿದ್ದ. ಮೋರಿಗೆ ಚೆಲ್ಲಿದರೆ ದೋಷ.

ಇದು ಸ್ಟೀಫನ್‌ಗೆ ಗೊತ್ತಿತ್ತು. ಅವನು ರೆಸ್ಟ್‌ಹೌಸಿನ ಮ್ಯಾನೇಜರು, ಕಿನ್ನಿಗೋಳಿಯವನು, ಭೋಜರಾಜನ ಮನೆಯಿಂದ ಬಸ್ಸಿಗೆ ಅರ್ಧ ಗಂಟೆ. ನಮ್ಮ ಕಡೆ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆ ನಾವೆಲ್ಲ ಅವನನ್ನು ಪೊರ್ಬುಗಳೇ ಎನ್ನುತ್ತಿದ್ದೆವು. ನನ್ನ ಎದುರಿಗೇ ಅವನು ತಮಾಷೆ ಮಾಡಿದ್ದುಂಟು.

"ಅಲ್ಲ ಭೋಜ, ನಿನ್ನ ಗುಳಿಗನಿಗೆ ಲಿಕ್ಕರ್ ಪರ್ಮಿಟ್ ಉಂಟಾ?"

"ಅವನು ಕಫೀಲ್ ಇಲ್ಲದೆ ಬಂದವ ಪೊರ್ಬುಗಳೆ. ಪರ್ಮಿಟ್ ಕೇಳಿದವರ ಹೊಟ್ಟೆ ನೋಯ್ತದೆ, ಅಷ್ಟೆ."

ಕಫೀಲ್, ಅಂದರೆ ವೀಸಾ ಕೊಡಿಸುವ ಯಜಮಾನ, ಇಲ್ಲದೆ ನಮ್ಮಲ್ಲಿ ಯಾರೂ ಬಂದವರಲ್ಲ. ಸ್ಟೀಫನ್ ನಕ್ಕಿದ್ದ. ನಕ್ಕು, ಗ್ಲಾಸಿಗೆ ಕಾಲು ತಾಗದ ಹಾಗೆ ಸುತ್ತಿ ನಡೆದಿದ್ದ. ಆ ಸುತ್ತು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಪೀಪಾಯಿಯಿಂದ ಬಿಯರನ್ನು ನಲ್ಲಿಗೆ ತಳ್ಳಲು ಸಿಲಿಂಡರಿನ ಗ್ಯಾಸು ಬೇಕು. ಅದು ಸೋರಿದರೆ ವಾಸನೆ ಬರುವುದಿಲ್ಲ, ನೀರಿನಂತೆ ನೆಲ ಹಿಡಿದು ನಿಂತು ಉಸಿರು ಕಟ್ಟಿಸುತ್ತದೆ. ಅದನ್ನು ಹೊರಗೆ ದೂಡಲು ಗೋಡೆಯ ತಳದಲ್ಲಿ ಒಂದು ಫ್ಯಾನು. 1992ರ ನವೆಂಬರಿನಲ್ಲಿ ಆ ಫ್ಯಾನು ನಿಂತಿತು. ಭೋಜರಾಜ ಮೂರು ಸಲ ಹೇಳಿದ. ಸೀಸನ್ ಮುಗಿಯಲಿ ಎಂದು ಸ್ಟೀಫನ್ ಮೂರು ಸಲ ಹೇಳಿದ. ಭೋಜರಾಜ ಖಾಲಿ ಪೀಪಾಯಿಯೊಂದನ್ನು ಅಡ್ಡ ಇಟ್ಟು ಬಾಗಿಲು ತೆರೆದೇ ಕೆಲಸ ಮಾಡತೊಡಗಿದ. ತಂಪು ಹೊರಗೆ ಹೋಗುತ್ತದೆಂದು ಸ್ಟೀಫನ್ ಆ ಪೀಪಾಯಿ ತೆಗೆಸಿದ. ಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗು ಹಾಕಿಸಿದ.

1993ರ ಜನವರಿ 14, ಗುರುವಾರ. ಸಂಕ್ರಾಂತಿ. ನಾನು ಹೋದಾಗ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಹಿಂಬಾಗಿಲಲ್ಲಿ ಉಮರಬ್ಬ ಬುಟ್ಟಿ ಹಿಡಿದು ನಿಂತಿದ್ದ.

"ಪಂಡಿತ್ರೆ, ಭೋಜಣ್ಣ ಎಲ್ಲಿ? ಅಂಜಲ್ ಮೀನು ತಂದಿದ್ದೇನೆ, ಕರೆದರೆ ಮಾತೇ ಇಲ್ಲ."

ನಾನು ಪೀಪಾಯಿ ಕೋಣೆಯ ಬಾಗಿಲು ತಳ್ಳಿದೆ. ಅವನು ಹೊಸ ಪೀಪಾಯಿಯ ಪಕ್ಕ ಮಗ್ಗುಲಾಗಿ ಬಿದ್ದಿದ್ದ. ಒಂಬತ್ತು ವರ್ಷ ಹೊಸ್ತಿಲು ದಾಟದ ಉಮರಬ್ಬ ಬುಟ್ಟಿ ಎಸೆದು ಒಳಗೆ ನುಗ್ಗಿದ. ಇಬ್ಬರೂ ಎಳೆದು ಹಿತ್ತಲಿಗೆ ತಂದೆವು. ಬಾದಾಮಿ ಮರದ ನೆರಳಿನಲ್ಲಿ ಮಲಗಿಸಿದೆವು. ಆಗಲೇ ಖಲಾಸ್ ಆಗಿತ್ತು.

ಬಾಗಿಲು ತೆರೆದಿಟ್ಟು ಗಾಳಿಯಾಡಿದ ಮೇಲೆ ನಾನು ಮತ್ತೊಮ್ಮೆ ಒಳಗೆ ಹೋದೆ, ಅವನ ಚಪ್ಪಲಿಗಾಗಿ. ಮೂಲೆಯಲ್ಲಿ ಗ್ಲಾಸು ಇತ್ತು. ತುಂಬಿದ ಗ್ಲಾಸು, ನೊರೆ ಇಳಿದಿತ್ತು. ಅವನು ಮಾಡಿದ ಕೊನೆಯ ಕೆಲಸ. ನಾನು ಅದನ್ನು ಮುಟ್ಟಲಿಲ್ಲ. ಮುಟ್ಟಬಾರದು ಎಂದೇ ಬೆಳೆದವನು ನಾನು. ಇಷ್ಟು ಪುಸ್ತಕ ಓದಿಯೂ ಕೈ ಮುಂದೆ ಹೋಗಲಿಲ್ಲ. ಚಪ್ಪಲಿ ಎತ್ತಿಕೊಂಡು ಹೊರಗೆ ಬಂದೆ. ಆ ಗ್ಲಾಸನ್ನು ಅಂದು ಎತ್ತಿ ಚೆಲ್ಲಿದ್ದರೆ ಮುಂದಿನ ಒಂದು ಮಾತೂ ಹುಟ್ಟುತ್ತಿರಲಿಲ್ಲ.

ಉಸಿರುಕಟ್ಟಿ ಸಾವು ಎಂದು ವೈದ್ಯರು ಬರೆದರು. ಅದು ನಿಜ. ಆಮೇಲೆ ಕಂಪನಿಯ ಒಬ್ಬ ಇಂಗ್ಲಿಷ್ ಅಧಿಕಾರಿ ವಿಚಾರಣೆಗೆ ಬಂದ, ಶವ ಮೊದಲು ಕಂಡವನೆಂದು ನನ್ನನ್ನೂ ಕರೆಸಿದ. ಪೊಲೀಸರು ತೆಗೆದ ಗ್ಲಾಸಿನ ಫೋಟೋ ಮೇಜಿನ ಮೇಲಿತ್ತು. ಇದನ್ನು ಇಟ್ಟದ್ದು ಸತ್ತವನೇ ಏನು ಎಂದು ಕೇಳಿದ. ಹೌದೆಂದೆ. ದೈವ, ಮೊದಲ ಪಾಲು, ಮರದ ಬುಡ, ಎಲ್ಲ ವಿವರಿಸಿದೆ. ಅವನು ತಾಳ್ಮೆಯಿಂದಲೇ ಕೇಳಿ ಸ್ಟೀಫನ್ ಕಡೆಗೆ ತಿರುಗಿದ. ನೀವೂ ಅದೇ ಊರಿನವರಲ್ಲವೆ, ಇಂಥ ಪದ್ಧತಿ ಉಂಟೇ?

ಸ್ಟೀಫನ್ ನನ್ನ ಮುಖ ನೋಡಲಿಲ್ಲ. "ನಾನು ಕೇಳಿಲ್ಲ, ಸರ್" ಎಂದ.

ವರದಿ ಅವನೇ ಬರೆದ. ಭೋಜರಾಜ ಕೆಲಸದ ವೇಳೆ ಕುಡಿಯುತ್ತಿದ್ದ, ಮರೆಯಲ್ಲಿ ಕುಡಿಯಲೆಂದು ತಾನೇ ಬಾಗಿಲು ಹಾಕಿಕೊಂಡ, ಅಮಲಿನಲ್ಲಿ ಎಚ್ಚರ ತಪ್ಪಿದ. ಫ್ಯಾನಿನ ಮಾತೇ ಇಲ್ಲ. ಅದರ ಒಂದು ಪ್ರತಿ ಶವದ ಜೊತೆಗೇ ಊರಿಗೆ ಹೋಯಿತು.

ಒಂದು ವಾರದ ಮೇಲೆ ಉಮಾವತಿ ಫೋನು ಮಾಡಿದಳು. ಭೋಜರಾಜನ ಹೆಂಡತಿ. ಮದುವೆಯಾಗಿ ಹನ್ನೊಂದು ವರ್ಷ, ಜೊತೆಗೆ ಇದ್ದದ್ದು ರಜೆಯ ತಿಂಗಳುಗಳನ್ನೆಲ್ಲ ಕೂಡಿಸಿದರೆ ಎರಡು ವರ್ಷ ಆಗದು. ಮೂಲ್ಕಿಯ ಬೂತಿನಿಂದ ಅವಳ ಸ್ವರ ಬರುತ್ತ ಹೋಗುತ್ತ ಇತ್ತು.

"ಅಣ್ಣ, ಒಂದೇ ಕೇಳ್ತೇನೆ. ಸುಳ್ಳು ಹೇಳಬೇಡಿ. ಅವರು ಕುಡೀತಿದ್ರಾ?"

"ಇಲ್ಲಮ್ಮ."

"ನೀವು ಫ್ರೆಂಡು, ಹಾಗೇ ಹೇಳ್ತೀರಿ. ಕಾಗದದಲ್ಲಿ ಉಂಟಲ್ಲ. ಇಷ್ಟು ವರ್ಷ ಪ್ರತಿ ಕಾಗದದಲ್ಲೂ ಬರೀತಿದ್ರು, ಮುಟ್ಟಲಿಲ್ಲ ಅಂತ. ನನಗೆ ಈಗ ಯಾವ ಕಾಗದ ನಂಬಬೇಕು ಗೊತ್ತಾಗುದಿಲ್ಲ."

ಫೋನು ಇಟ್ಟ ಮೇಲೆ ತೀರ್ಮಾನಿಸಿದೆ. ಗಂಡನ ಕಾಗದಗಳು ಅವಳಿಗೆ ಮತ್ತೆ ನಿಜವಾಗಬೇಕು. ಅದಕ್ಕೆ ನನ್ನ ಮಾತು ಸಾಲದು. ಸುಳ್ಳು ಬರೆದ ಕೈಯೇ ನಿಜ ಬರೆಯಬೇಕು.

ಮುಂದಿನ ಗುರುವಾರ ದಕ್ಕೆಗೆ ಹೋಗಿ ಒಂದು ಗ್ಲಾಸು ಬಿಯರು ತೆಗೆದುಕೊಂಡೆ. ಕೌಂಟರಿನ ತುದಿಯಲ್ಲಿ, ಭೋಜರಾಜ ಮೊಣಕೈ ಊರಿ ನಿಲ್ಲುತ್ತಿದ್ದ ಜಾಗದಲ್ಲಿ, ಸ್ಟೀಫನ್‌ನ ಕೋಣೆಯ ಬಾಗಿಲಿಗೆ ನೇರವಾಗಿ ಇಟ್ಟೆ. ಎದುರಿಗೆ ಕೂತು ಪುಸ್ತಕ ಓದಿದೆ. ಐದು ಗಂಟೆಗೆ ಗ್ಲಾಸನ್ನು ಹಾಗೆಯೇ ಬಿಟ್ಟು ಎದ್ದು ಹೋದೆ.

ಹೊನ್ನಪ್ಪ ಹಿಂದೆಯೇ ಬಂದ. "ಏನ್ ಸಾರ್ ಇದು, ತಗೊಂಡಿದ್ದನ್ನ ಕುಡೀದೆ ಬಿಟ್ಟುಬಂದ್ರಲ್ಲ?"

ಹೇಳಿದೆ. ಫ್ಯಾನಿನಿಂದ ಹಿಡಿದು 'ನಾನು ಕೇಳಿಲ್ಲ' ಎಂಬ ಮಾತಿನವರೆಗೆ. ಅವನು ಮರಳು ಒದೆಯುತ್ತ ನಿಂತ. "ನಮ್ ಕಡೆ ಈ ದೈವ ಗೀವ ಇಲ್ಲ ಸಾರ್. ಆದ್ರೂ ಮುಂದಿನ್ ವಾರ ನನ್ದೂ ಒಂದಿರ್ಲಿ."

ಮುಂದಿನ ವಾರ ಎರಡು ಗ್ಲಾಸು. ಅದರ ಮುಂದಿನ ವಾರ ಏಳು. ಹೊಸದಾಗಿ ಸೇರಿದವರೆಲ್ಲ ಕರಾವಳಿಯವರೇ, ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಉಮರಬ್ಬ ಮೀನು ನಿಲ್ಲಿಸಿದ. ಸ್ಟೀಫನ್ ಹಿಂಬಾಗಿಲಿಗೆ ಬಂದು ಕೇಳಿದ್ದಕ್ಕೆ, "ಆ ಕೋಣೆಗೆ ಒಮ್ಮೆ ಬಂದಿದ್ದೇನೆ ಪೊರ್ಬುಗಳೆ, ಸಾಕು" ಎಂದನಂತೆ. ಬಾರಿನಲ್ಲಿ ಮೀನಿನ ಬದಲು ಡಬ್ಬಿಯ ಬಟಾಣಿ ಕೊಡತೊಡಗಿದರು.

ಸ್ಟೀಫನ್ ಗ್ಲಾಸು ತೆಗೆಯಲು ಬೇರರ್‌ಗಳಿಗೆ ಹೇಳಿದ. ಅವರೂ ತುಳುವರೇ, ಕೇಳಿಸಲಿಲ್ಲವೆಂಬಂತೆ ನಡೆದುಹೋದರು. ರಂಜಾನ್ ಬಂತು, ಬಾರು ತಿಂಗಳು ಮುಚ್ಚಿತು. ಅಷ್ಟರಲ್ಲಿ ನಮ್ಮ ಸಿಟ್ಟು ಆರುತ್ತದೆಂದು ಅವನು ಎಣಿಸಿದ್ದಿರಬೇಕು. ನನ್ನದು ಆರಲಿಲ್ಲ. ಘಾಲಾದ ಗೋದಾಮಿನಲ್ಲಿ ಎಷ್ಟೋ ಮಧ್ಯಾಹ್ನ ನಾನು ಅವನ ಮುಖವನ್ನೇ ಯೋಚಿಸುತ್ತ ಕೂತಿದ್ದೆ. ಅವನಿಗೆ ನಿದ್ದೆ ಬರಬಾರದು ಎಂದು ಬಯಸಿದೆ. ಇದನ್ನು ಮುಚ್ಚಿಡುವುದಿಲ್ಲ.

ಈದ್ ಮುಗಿದು ಬಾರು ತೆರೆಯಿತು. ಏಪ್ರಿಲ್ 8, ಈಸ್ಟರಿನ ಹಿಂದಿನ ಗುರುವಾರ. ಸ್ಟೀಫನ್‌ಗೆ ಉಪವಾಸದ ದಿನಗಳು ಎಂದು ಗೊತ್ತಿದ್ದೇ ಎಲ್ಲರಿಗೂ ಹೇಳಿಕಳಿಸಿದ್ದೆ. ಹತ್ತೊಂಬತ್ತು ಗ್ಲಾಸು ಕೌಂಟರಿನ ಉದ್ದಕ್ಕೂ ನಿಂತವು. ಬಾಣ ಎಸೆಯುತ್ತಿದ್ದ ಇಬ್ಬರು ಇಂಗ್ಲಿಷರು ಆಟ ನಿಲ್ಲಿಸಿ ನೋಡತೊಡಗಿದರು. ಅವರಲ್ಲಿ ಒಬ್ಬ ಅಂದು ವಿಚಾರಣೆಗೆ ಬಂದಿದ್ದ ಅಧಿಕಾರಿ.

ಸ್ಟೀಫನ್ ಕೋಣೆಯಿಂದ ಹೊರಗೆ ಬಂದ. "ಎಂತ ನಾಟಕ ಇದು? ಸತ್ತವರ ಹೆಸರಲ್ಲಿ ನನ್ನನ್ನು ಹೆದರಿಸ್ಲಿಕ್ಕಾ?"

"ಪೊರ್ಬುಗಳೆ, ಗ್ಲಾಸು ನಮ್ಮದು, ಜಾಗ ನಿಮ್ಮದು. ತೆಗೆದು ಚೆಲ್ಲಿ. ಸಿಂಕ್ ನಿಮ್ಮ ಬಗಲಲ್ಲೇ ಉಂಟು" ಎಂದೆ.

"ಚೆಲ್ಲುದೇ!"

ಅವನು ಮೊದಲ ಗ್ಲಾಸನ್ನು ಎತ್ತಿದ. ಸಿಂಕಿನ ಮೇಲೆ ಹಿಡಿದ. ಅವನ ಕೈ ಬಗ್ಗಲಿಲ್ಲ. ಇಡೀ ಬಾರು ಆ ಕೈಯನ್ನೇ ನೋಡುತ್ತಿತ್ತು. ಒಂದು ನಿಮಿಷ ಹಾಗೇ ನಿಂತವನು, ಗ್ಲಾಸು ತುಳುಕದ ಹಾಗೆ ಇನ್ನೊಂದು ಕೈ ಕೊಟ್ಟು, ಹಿಂಬಾಗಿಲಿನಿಂದ ಹಿತ್ತಲಿಗೆ ನಡೆದ. ನಾವೆಲ್ಲ ಎದ್ದು ಹಿಂದೆ ಹೋದೆವು, ಆ ಅಧಿಕಾರಿಯೂ ಬಂದ. ಸ್ಟೀಫನ್ ಚಪ್ಪಲಿ ಕಳಚಿ ಬಾದಾಮಿ ಮರದ ಬುಡದಲ್ಲಿ ಬಗ್ಗಿ, ನಿಧಾನವಾಗಿ ಹೊಯ್ದ.

ಅವನು ಎದ್ದು ತಿರುಗಿದಾಗ ನಾನು ಇಂಗ್ಲಿಷಿನಲ್ಲೇ ಕೇಳಿದೆ, ಅಧಿಕಾರಿಗೆ ತಿಳಿಯಲೆಂದು. "ಇಂಥ ಪದ್ಧತಿ ನೀವು ಕೇಳಿಲ್ಲವಲ್ಲ. ಹಾಗಾದರೆ ಈ ಮರವನ್ನು ನಿಮಗೆ ಯಾರು ತೋರಿಸಿದರು?"

ಅವನು ಮರ ನೋಡಿದ, ತನ್ನ ಬರಿಗಾಲು ನೋಡಿದ, ಅಧಿಕಾರಿಯನ್ನು ನೋಡಿದ. ನನಗೆ ಸಂತೋಷವಾಯಿತು. ಮೂರು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಸಂತೋಷ.

ಮರುದಿನವಲ್ಲ, ಆಗಲೇ, ಆ ಕೌಂಟರಿನ ಮೇಲೆಯೇ ಬರೆಸಿದೆ. ರೆಸ್ಟ್‌ಹೌಸಿನ ಹೆಸರಿದ್ದ ಕಾಗದ, ಅವನದೇ ಪೆನ್ನು. ಅವನು ಬರೆದದ್ದು ಇಷ್ಟು. ಫ್ಯಾನು ನವೆಂಬರಿನಿಂದ ನಿಂತಿತ್ತು. ಬಾಗಿಲಿಗೆ ಸ್ಪ್ರಿಂಗು ಹಾಕಿಸಿದ್ದು ನಾನು. ಗ್ಲಾಸು ದೈವದ್ದು. ಭೋಜರಾಜ ಕುಡಿಯುತ್ತಿರಲಿಲ್ಲ, ಇದು ನನಗೆ ಮೊದಲೇ ಗೊತ್ತಿತ್ತು. ಕೊನೆಯ ಸಾಲಿಗೆ ಅವನ ಪೆನ್ನು ನಿಂತಿತು.

"ಇದೂ ಬೇಕಾ?"

"ಇದೇ ಬೇಕು ಪೊರ್ಬುಗಳೆ. ಕನ್ನಡದಲ್ಲೂ ಒಂದು ಬರೆಯಿರಿ, ಅವಳು ಓದಬೇಕು."

ಬರೆದ. ಒಂದನ್ನು ಅಧಿಕಾರಿ ಮಡಚಿ ಜೇಬಿಗೆ ಹಾಕಿಕೊಂಡ, ಇನ್ನೊಂದನ್ನು ನಾನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಹೊರಡುವಾಗ ಸ್ಟೀಫನ್ ಬಾಗಿಲ ತನಕ ಬಂದ. "ಇನ್ನು ಸಾಕಲ್ಲ ಮಾರಾಯ್ರೆ? ನನಗೂ ಹೆಂಡತಿ ಮಕ್ಕಳುಂಟು."

"ಉಮಾವತಿಗೆ ಸಾಕು. ನನಗೆ ಸಾಕಾಗ್ಲಿಲ್ಲ."

ಜೂನ್‌ನಲ್ಲಿ ಅವನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಿದರು. ಅವನು ಹೋದ ದಿನವೂ ಅವನ ಕೋಣೆಯ ಬಾಗಿಲಿಗೆ ಎದುರಾಗಿ ಒಂದು ಗ್ಲಾಸು ಇಟ್ಟು ಬಂದೆ. ನಾಲ್ಕು ವರ್ಷದ ಮೇಲೆ ರಜೆಯಲ್ಲಿ ಕಿನ್ನಿಗೋಳಿಯ ಬಸ್‌ಸ್ಟ್ಯಾಂಡಿನಲ್ಲಿ ಅವನು ನನ್ನನ್ನು ಕಂಡು ಕೈ ಎತ್ತಿದ. ಸೊರಗಿದ್ದ. ನಾನು ಆಚೆ ತಿರುಗಿ ನಿಂತೆ. ಭೋಜರಾಜನಾಗಿದ್ದರೆ ಹೋಗಿ ಮಾತಾಡಿಸುತ್ತಿದ್ದ. ನಾನು ಭೋಜರಾಜ ಅಲ್ಲ.

ಉಮಾವತಿಯ ಉತ್ತರ ಬಂದದ್ದು 1993ರ ಮೇ ತಿಂಗಳಲ್ಲೇ. ಸ್ಟೀಫನ್ ಬಗ್ಗೆ ಒಂದು ಮಾತೂ ಇರಲಿಲ್ಲ. ಹಳೆಯ ಕಾಗದಗಳನ್ನೆಲ್ಲ ಮೊದಲಿನಿಂದ ಓದುತ್ತಿದ್ದೇನೆ, ಈಗ 1988ಕ್ಕೆ ಬಂದಿದ್ದೇನೆ ಎಂದು ಬರೆದಿದ್ದಳು. ಕೆಳಗೆ ಒಂದು ಪ್ರಶ್ನೆ. ಆ ದಿನ ಮಧ್ಯಾಹ್ನ ಅವರು ಊಟ ಮಾಡಿದ್ದರಾ?

ಮಾಡಿರಲಿಲ್ಲ. ಅಡುಗೆಮನೆಯಲ್ಲಿ ಎರಡು ಬಟ್ಟಲು ಮುಚ್ಚಿಟ್ಟಿದ್ದವು, ಒಂದು ಅವನದು, ಒಂದು ನನ್ನದು. ಗುರುವಾರಗಳಲ್ಲಿ ನಾನು ಬರುವ ತನಕ ಅವನು ಉಣ್ಣುತ್ತಿರಲಿಲ್ಲ. ಉಂಡಿದ್ದರು, ಬೂತಾಯಿ ಪುಳಿಮುಂಚಿ, ಎಂದು ಬರೆದೆ. ಈ ಕತೆಯಲ್ಲಿ ನಾನು ಬರೆದ ಸುಳ್ಳು ಅದೊಂದೇ, ಅದಕ್ಕೆ ಸಹಿಯನ್ನೂ ಹಾಕಿದ್ದೇನೆ.