ಕಿವಿಯ ಬಾಗಿಲಿನ ಹೋತ

ನಮ್ಮ ಮಾವನವರ ಎರಡೂ ಕಿವಿಗಳಲ್ಲಿ, ತೂತಿನ ಮುಂದೆ ಬಾಗಿಲಿನಂತೆ ನಿಂತಿರುವ ಆ ಪುಟ್ಟ ಗುಬುಟಿನ ಮೇಲೆ, ಬೆಳ್ಳನೆಯ ಕೂದಲು ಕುಚ್ಚುಕುಚ್ಚಾಗಿ ಬೆಳೆದಿತ್ತು. ಕ್ಷೌರದವನು ಅಲ್ಲಿಗೆ ಕತ್ತರಿ ತಂದರೆ ಕೈ ತಳ್ಳುತ್ತಿದ್ದರು. ಹೆಬ್ಬಾಳದ ದನದ ಡಾಕ್ಟರರ ಕಾಲೇಜಿನಲ್ಲಿ, ಸತ್ತ ಪ್ರಾಣಿಗಳನ್ನು ಕೊಯ್ದು ಪಾಠ ಹೇಳುವ ಕೋಣೆಯ ಜವಾನರು ಅವರು. ಓದಿದ್ದು ಎರಡನೇ ಕ್ಲಾಸು. ಆದರೆ ಮೇಷ್ಟ್ರುಗಳ ಬಾಯಿಂದ ಹೆಕ್ಕಿದ ದೊಡ್ಡ ದೊಡ್ಡ ಹೆಸರುಗಳೆಲ್ಲ ನಾಲಗೆಯ ತುದಿಯಲ್ಲಿದ್ದವು.

ನಾನು ಸೊಸೆಯಾಗಿ ಹುಣಸಮಾರನಹಳ್ಳಿಗೆ ಬಂದ ಹೊಸದರಲ್ಲೇ ಆ ಗುಬುಟು ಮುಟ್ಟಿ ತೋರಿಸಿದರು. “ಇದ್ಕೇನಂತಾರೆ ಗೊತ್ತೇನವ್ವ? ಟ್ರೇಗಸ್ಸು. ಹಳೇ ಗ್ರೀಕರ ಮಾತಲ್ಲಿ ಓತ, ಗಂಡ್ ಮೇಕೆ ಅಂತ ಅರ್ಥ. ವಯಸ್ಸಾದ್ ಗಂಡಸ್ರಿಗೆ ಇಲ್ಲಿ ಓತದ ಗಡ್ಡ ಬತ್ತದಲ್ಲ, ಅದ್ಕೇ!”

ನಾನು ಸೆರಗು ಬಾಯಿಗೊತ್ತಿ ನಕ್ಕೆ. ಅತ್ತೆ ನಗಲಿಲ್ಲ. ಹೆಣ ಕೊಯ್ಯೋ ಕೈ ಎಂದು ಗಂಡನ ತಟ್ಟೆ ಲೋಟಗಳನ್ನೇ ಬೇರೆ ಇಟ್ಟಿದ್ದ ಹೆಂಗಸು ಅವರು.

ಕೇರಿಯ ಮಕ್ಕಳಿಗೆ ಕಿವಿನೋವು ಬಂದರೆ ಮಾವ ಆ ಗುಬುಟನ್ನು ಮೆಲ್ಲಗೆ ಒತ್ತಿ ನೋಡುವರು. ಮಗು ಸುಮ್ಮನಿದ್ದರೆ ಬೆನ್ನು ತಟ್ಟಿ ಕಳಿಸುವರು. ಚೀರಿದರೆ ಅವರ ಮುಖ ಕಪ್ಪಿಡುತ್ತಿತ್ತು.

ನನ್ನ ಮಗಳಿಗೆ ಆಗ ಎರಡು ವರ್ಷ. ಕಿವಿ ಸೋರಿತು, ಜ್ವರ ಬಂತು. ಅತ್ತೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು. ಮೂರನೇ ದಿನ ಸೋರುವುದು ನಿಂತಾಗ ನಾವೆಲ್ಲ ಹಿಗ್ಗಿದೆವು. ಸಂಜೆ ಮಾವ ಬಂದು ಒತ್ತಿ ನೋಡಿದರು. ಮಗು ಕಿಟಾರನೆ ಕಿರುಚಿಕೊಂಡಿತು. ಕಿವಿಯ ಹಿಂದೆ ಕೆಂಪಗೆ ಊದಿ, ಕಿವಿಯೇ ಮುಂದಕ್ಕೆ ಬಾಗಿತ್ತು.

“ಕೀವು ಒಳಕ್ಕೆ ತಿರುಗೈತೆ. ಬೆಳಗ್ಗೆ ಮೊದಲ್ನೇ ಬಸ್ಸಿಗೆ ಆಸ್ಪತ್ರೆ,” ಎಂದರು.

ಮಾರಮ್ಮನಿಗೆ ಹರಕೆ ಒಪ್ಪಿಸದೆ ಮಗು ಹೊಸಿಲು ದಾಟಕೂಡದು ಎಂದು ಅತ್ತೆ ಹಟ ಹಿಡಿದರು. ನನ್ನ ಗಂಡ ತಾಯಿಯ ಕಡೆ. ನನ್ನನ್ನು ಕೇಳುವವರಾರು?

ಬೆಳಗ್ಗೆ ಗುಡಿಯ ಮುಂದೆ ಹೋತ ನಿಲ್ಲಿಸಿ ತಲೆಗೆ ತೀರ್ಥ ಹಾಕಿದರು. ಅದು ಮೈ ಒದರಬೇಕು. ಒದರಿದರೆ ಅಮ್ಮ ಒಪ್ಪಿದಳೆಂದು ಅರ್ಥ; ಆಮೇಲೆಯೇ ಕಡಿಯುವುದು. ಒದರಲಿಲ್ಲ. ಮತ್ತೆ ಹಾಕಿದರು. ಅದು ಕಲ್ಲಿನಂತೆ ನಿಂತೇ ಇತ್ತು. ಮೊದಲ ಬಸ್ಸು ಹೋಯಿತು. ಬಿಸಿಲೇರಿತು. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ನನ್ನ ತೊಡೆಯ ಮೇಲೆ ಮಗು ಅಳುವುದನ್ನೂ ಬಿಟ್ಟಿತ್ತು.

ಮಾವ ಗುಂಪು ಸೀಳಿಕೊಂಡು ಬಂದು ಮಗುವನ್ನು ಎತ್ತಿಕೊಂಡರು. “ನನ್ ದೊಡ್ಡ ಮಗ್ನಿಗೂ ಇಂಗೇ ಕಾದಿದ್ದೆ ಕಣವ್ವ. ಓತ ಒದರೋ ಒತ್ತಿಗೆ ಅವ್ನೇ ಇರ್ಲಿಲ್ಲ. ನಡಿ.” ಅಂಥ ಒಬ್ಬ ಮಗನಿದ್ದನೆಂದು ಆ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

“ನಡುವೆ ಎದ್ರೆ ಕೇಡು!” ಎಂದು ಪೂಜಾರಿ ಕೂಗಿದ.

“ಬಂದ್ರೆ ನಂಗೇ ಬರ್ಲಿ,” ಎಂದರು ಮಾವ, ತಿರುಗಿ ನೋಡದೆ.

ಪೇಟೆಯ ಆಸ್ಪತ್ರೆಯಲ್ಲಿ ಅಂದೇ ಕಿವಿಯ ಹಿಂದೆ ಕೊಯ್ದು ಕೀವು ತೆಗೆದರು. ಮಗಳು ಉಳಿದಳು.

ಆಮೇಲೆ ಹಸು ಕಂದು ಹಾಕಿದರೂ, ಬಾವಿ ಬತ್ತಿದರೂ ಊರಿನ ಬೊಟ್ಟು ಮಾವನ ಕಡೆಗೇ. ಆ ಚಳಿಗಾಲದಲ್ಲಿ ಅವರಿಗೆ ಜ್ವರ ಹತ್ತಿತು. ಎಂಟೇ ದಿನ.

ಹೆಣದ ಮುಂದೆ ಅತ್ತೆ ಎದೆ ಬಡಿದುಕೊಂಡರು. “ಬಿಟ್ಟ ಓತದ ಬದ್ಲು ಇವ್ರನ್ನೇ ತಗಂಡ್ಲಲ್ಲಪ್ಪಾ ಅಮ್ಮ!” ನೆರೆದವರೆಲ್ಲ ಹೌದೆಂದು ತಲೆಯಾಡಿಸಿದರು. ಮಾವ ಉಳಿಸಿಕೊಟ್ಟ ಮಗಳು ನನ್ನ ಕಂಕುಳಲ್ಲೇ ಇದ್ದಳು. ಅಲ್ಲ ಎನ್ನುವುದಕ್ಕೆ ಅಲ್ಲಿ ನಾನೊಬ್ಬಳೇ ಇದ್ದದ್ದು. ಆ ಕೇಡು ಎಲ್ಲಿ ಮಗಳ ಮೇಲೆ ತಿರುಗುತ್ತದೋ ಎಂದು ಹೆದರಿ, ನಾನೂ ತಲೆಯಾಡಿಸಿದೆ.