ಕಂಡಕ್ಟರ್ ಇದಿನಬ್ಬಾಕ ನಾಸಿಕದಲ್ಲಿ ಓಡಿದ್ದು

ಓಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹಿಂದೆ ನಾಯಿ ಇಲ್ಲ, ಮುಂದೆ ಬಸ್ಸಿಲ್ಲ, ಮತ್ತೆ ಯಾಕೆ ಓಡಬೇಕು? ಬೆಳಿಗ್ಗೆ ಬಣ್ಣಬಣ್ಣದ ಶೂ ಹಾಕಿ ಹೆದ್ದಾರಿಯ ಬದಿಯಲ್ಲಿ ಏದುಸಿರು ಬಿಡುವವರನ್ನು ನೋಡಿದಾಗೆಲ್ಲ, ಇವರ ಮನೆಯಲ್ಲಿ ಗುಡಿಸಲು ಅಂಗಳ ಇಲ್ಲವೇ ಎಂದು ಮೂಗು ಮುರಿದವಳು ನಾನು. ಆದರೆ ನಮ್ಮ ಬಸ್ಸಿನ ಇದಿನಬ್ಬಾಕ ಓಡಿದ ಕಥೆಯನ್ನು ಮಾತ್ರ ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದವರಿಗೂ ಹೇಳುತ್ತೇನೆ.

ನಾನು ಟೀಚರ್. ಬಿ.ಸಿ.ರೋಡಿನಲ್ಲಿ ಬಸ್ ಹತ್ತಿ, ವಾಮದಪದವಿನ ದಾರಿಯಾಗಿ ಮೂಡುಬಿದಿರೆ ಕಡೆಯ ನನ್ನ ಶಾಲೆಗೆ ಹೋಗುತ್ತೇನೆ. ನಾನು ಈ ಕೆಲಸಕ್ಕೆ ಸೇರುವ ಮೊದಲೇ ಇದಿನಬ್ಬಾಕ ಆ ಬಸ್ಸಿನ ಕಂಡಕ್ಟರ್. ಎಲ್ಲರೊಡನೆ ತುಳು, ತಮ್ಮ ಜನರೊಡನೆ ಬ್ಯಾರಿ, ಟೀಚರ್ ಎಂಬ ಮರ್ಯಾದೆಗೆ ನನ್ನೊಡನೆ ಕನ್ನಡ. ಬಿಳಿ ಗಡ್ಡ, ಬೆರಳ ಸಂದಿಯಲ್ಲಿ ಮಡಚಿದ ನೋಟುಗಳು, ತುಟಿಯಲ್ಲಿ ವಿಸಿಲ್. ಒಂದು ವಿಸಿಲಿಗೆ ಬಸ್ಸು ನಿಲ್ಲಬೇಕು, ಎರಡು ವಿಸಿಲಿಗೆ ಹೊರಡಬೇಕು. ಎರಡನೇ ವಿಸಿಲ್ ಊದುವಾಗ ಇದಿನಬ್ಬಾಕ ಯಾವಾಗಲೂ ಕೆಳಗೆಯೇ ಇರುತ್ತಿದ್ದರು. ಎಲ್ಲರೂ ಹತ್ತಿದ ಮೇಲೆ, ಬಸ್ಸು ಹೊರಟ ಮೇಲೆ, ನಾಲ್ಕು ಹೆಜ್ಜೆ ಓಡಿ ಹಿಂಬಾಗಿಲ ಕಂಬಿ ಹಿಡಿದು ಹಾರುವುದು ಅವರ ಕ್ರಮ. ಮೊದಲು ತಾನು ಹತ್ತಿ ಆಮೇಲೆ ಊದುವ ಹೊಸ ಹುಡುಗರನ್ನು ಕಂಡರೆ ಅವರಿಗೆ ಆಗುವುದಿಲ್ಲ.

ಇನ್ನೊಂದು ಕ್ರಮವೂ ಇತ್ತು. ಮೀನಿನ ಬುಟ್ಟಿಯ ಹೆಂಗಸು ಹತ್ತಿದಳು ಎಂದು ಯಾರಾದರೂ ಗಲಾಟೆ ಮಾಡಿದರೆ, ಕುಡಿದವನೊಬ್ಬ ಹತ್ತಿ ಹಾಡಿದರೆ, ಇಳಿಸಿ ಇಳಿಸಿ ಎಂದು ನಾವೆಲ್ಲ ಬೊಬ್ಬೆ ಹಾಕುತ್ತಿದ್ದೆವು. ನಾನೂ ಹಾಕಿದ್ದೇನೆ. ಇದಿನಬ್ಬಾಕನದು ಒಂದೇ ಉತ್ತರ: "ಹತ್ತಿದವರನ್ನು ಇಳಿಸುವ ಕ್ರಮ ನಮ್ಮ ಬಸ್ಸಿನಲ್ಲಿ ಇಲ್ಲ ಟೀಚರ್."

ಇಂಥ ಮನುಷ್ಯನನ್ನು ಬಿಟ್ಟು ಬಸ್ಸೇ ಒಂದು ದಿನ ಹೋಯಿತು. ವಾಮದಪದವಿನಲ್ಲಿ ಒಬ್ಬಳು ಅಜ್ಜಿಯ ಅಕ್ಕಿಮುಡಿಯನ್ನು ಅಂಗಡಿಯ ಜಗಲಿಗೆ ಎತ್ತಿ ಇಡಲು ಇದಿನಬ್ಬಾಕ ಇಳಿದಿದ್ದರು. ಮುಂದೆ ಕೂತ ಯಾವನೋ ಅವಸರದವನು "ರೈಟ್ ಪೋಯಿ", ಅಂದರೆ ಹೋಗೋಣ, ಎಂದ. ಹಿಂದಿನಿಂದ ಬೇರೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಡ್ರೈವರ್ ಎಳೆದೇ ಬಿಟ್ಟ. ಇದಿನಬ್ಬಾಕ ಓಡಿದರು, ಬೊಬ್ಬೆ ಹೊಡೆದರು, ಕಂಬಿಗೆ ಬೆರಳು ತಾಗುವಷ್ಟು ಹತ್ತಿರ ಬಂದರು, ಆಮೇಲೆ ಮೊಣಕಾಲು ಕೈಕೊಟ್ಟಿತು. ಮುಂದಿನ ಸ್ಟಾಪಿನವರೆಗೆ ನಾವು ಕಂಡಕ್ಟರ್ ಇಲ್ಲದೆ ಹೋದೆವು. ಯಾರೋ ವಿಡಿಯೋ ಮಾಡಿ ಹಾಕಿದರು. ಸಂಜೆಯೊಳಗೆ ಬೆಳ್ತಂಗಡಿಯವರೆಗೆ ಅದನ್ನು ನೋಡದ ಮೊಬೈಲ್ ಇರಲಿಲ್ಲ.

ಬಸ್ಸಿನ ಮಾಲಕ ರಂಜಿತ್. ಇನ್ನೂ ಚಿಕ್ಕ ಪ್ರಾಯ, ಬಂಟರ ಹುಡುಗ, ತಂದೆ ತೀರಿದ ಮೇಲೆ ಬಸ್ಸುಗಳನ್ನು ನೋಡಿಕೊಳ್ಳುತ್ತಿದ್ದ. ನಾನು ಹೇಳಿದ ಬಣ್ಣಬಣ್ಣದ ಶೂಗಳ ಜನ ಉಂಟಲ್ಲ, ಅವನೂ ಅದೇ ಪೈಕಿ. ಮರುದಿನ ಸ್ಟ್ಯಾಂಡಿಗೆ ಬಂದು, ನಾವೆಲ್ಲ ಕೇಳುವಂತೆ ಹೇಳಿದ:

"ಇನ್ನು ಸಾಕು ಇದಿನಬ್ಬಾಕ. ಒಂದು ದಿನ ಚಕ್ರದ ಅಡಿಗೆ ಬಿದ್ದರೆ ನಾನು ಸಫಿಯಮ್ಮನಿಗೆ ಎಂತ ಹೇಳಲಿ? ಇಲ್ಲಿ ಟೈಮ್ ಕೀಪರ್ ಕುರ್ಚಿ ಖಾಲಿ ಉಂಟು. ನೆರಳಲ್ಲಿ ಕೂತುಕೊಳ್ಳಿ. ಸಂಬಳ ಅದೇ."

"ನನಗೆ ಓಡ್ಲಿಕ್ಕೆ ಆಗ್ತದೆ ದಣಿ."

"ಎಲ್ಲಿ ಆಗ್ತದೆ? ಊರಿಡೀ ನೋಡಿದೆ."

"ನೀವು ಓಡುವಷ್ಟು ನಾನೂ ಓಡ್ತೇನೆ."

ರಂಜಿತ್ ನಕ್ಕುಬಿಟ್ಟ. ಅವನ ಓಟದ ಗುಂಪಿನವರು ಜನವರಿಯಲ್ಲಿ ನಾಸಿಕಕ್ಕೆ ಹೋಗುವವರಿದ್ದರು. ಅಲ್ಲಿ ವೈನ್ ಮಾಡುವ ದ್ರಾಕ್ಷಿ ತೋಟಗಳ ನಡುವೆ ಇಪ್ಪತ್ತೊಂದು ಕಿಲೋಮೀಟರ್ ಓಟವಂತೆ. ಓಡುವವರೂ ಉಂಟು, ಓಡಿದ ನೆಪದಲ್ಲಿ ಊರು ನೋಡಿ ವೈನ್ ಕುಡಿದು ಬರುವವರೂ ಉಂಟು. "ಹಾಗಾದ್ರೆ ನಾಸಿಕಕ್ಕೆ ಬನ್ನಿ. ಹೇಳಿದ ಸಮಯದೊಳಗೆ ಮುಗಿಸಿದ್ರೆ ಬಸ್ಸಿನಿಂದ ನಿಮ್ಮನ್ನು ಇಳಿಸುವುದಿಲ್ಲ. ನಿಮಗೇ ಸಾಕು ಅಂತ ಆಗುವವರೆಗೆ ನೀವೇ ಕಂಡಕ್ಟರ್," ಎಂದ. ತಮಾಷೆಗೆ ಹೇಳಿದ್ದು ಎಂದು ನಮಗೆಲ್ಲ ಗೊತ್ತಿತ್ತು. ಇದಿನಬ್ಬಾಕ ಮಾತ್ರ ಕೈ ಮುಂದೆ ಚಾಚಿದರು. ಅಷ್ಟು ಜನರ ಎದುರು ರಂಜಿತ್ ಕೈ ಕೊಡದೆ ಏನು ಮಾಡುತ್ತಾನೆ?

ಮನೆಯಲ್ಲಿ ಹೆಂಡತಿ ಸಫಿಯಮ್ಮ ತಲೆಗೆ ಕೈ ಹೊತ್ತು ಕೂತರಂತೆ. "ಈ ಪ್ರಾಯದಲ್ಲಿ ಶರಾಬಿನ ತೋಟಕ್ಕೆ ಓಡ್ಲಿಕ್ಕೆ ಹೋಗುದಾ? ಮಸೀದಿಯವರು ಕೇಳಿದ್ರೆ ಎಂತ ಹೇಳುವುದು?"

"ತೋಟದಲ್ಲಿ ಇರುವುದು ದ್ರಾಕ್ಷಿ. ದ್ರಾಕ್ಷಿ ಎಂತ ಪಾಪ ಮಾಡಿದೆ?" ಎಂದರಂತೆ ಇದಿನಬ್ಬಾಕ.

ಇಪ್ಪತ್ತೊಂದು ಕಿಲೋಮೀಟರ್ ಎಂದರೆ ಅವರ ಲೆಕ್ಕದಲ್ಲಿ ಬಿ.ಸಿ.ರೋಡಿನಿಂದ ವಾಮದಪದವು ದಾಟಿ ಇನ್ನೂ ಸ್ವಲ್ಪ. ಮುಂಜಾನೆಯ ಸುಬ್‌ಹಿ ನಮಾಝ್ ಮುಗಿಸಿ ದಿನಾ ಆ ದಾರಿಯಲ್ಲಿ ಓಡತೊಡಗಿದರು. ಮೊಣಕಾಲಿಗೆ ಕೊಟ್ಟಂಚುಕ್ಕಾದಿ ಎಣ್ಣೆ, ಕಾಲಿಗೆ ಅಳಿಯ ಗಲ್ಫಿನಿಂದ ಕಳಿಸಿದ ಶೂ. ಕಷ್ಟ ಮೊಣಕಾಲಿನದಲ್ಲ, ಜನರದು. ಆ ದಾರಿಯಲ್ಲಿ ಅವರಿಂದ ಟಿಕೆಟ್ ಪಡೆಯದವರು ಯಾರಿದ್ದಾರೆ? ಒಂದೊಂದು ಬೈಕೂ ನಿಲ್ಲುತ್ತಿತ್ತು. "ಎಂತ ಇದಿನಬ್ಬಾಕ, ಬಸ್ ತಪ್ಪಿತಾ? ಹತ್ತಿ, ಬಿಡ್ತೇನೆ." ಬೇಡ ಎಂದರೆ ಅವರಿಗೆ ಬೇಸರ, ಹತ್ತಿದರೆ ಇವರ ಓಟ ಹಾಳು. ಒಮ್ಮೆ ಜಕ್ರಿಬೆಟ್ಟಿನಲ್ಲಿ ಹಾಲಿನ ವ್ಯಾನಿನವನು ಇವರನ್ನು ಬಲವಂತದಿಂದ ಎತ್ತಿ ಒಳಗೆ ಕೂರಿಸಿದ. ಯಾರಿಗೋ ಆಸ್ಪತ್ರೆಯಲ್ಲಿ ಸೀರಿಯಸ್ ಎಂದು ಭಾವಿಸಿದ್ದನಂತೆ. ಇದಿನಬ್ಬಾಕ ಮುಂದಿನ ತಿರುವಿನಲ್ಲಿ ಇಳಿದು, ವ್ಯಾನ್ ಹತ್ತಿದ ಜಾಗಕ್ಕೆ ವಾಪಸು ನಡೆದು, ಅಲ್ಲಿಂದ ಮತ್ತೆ ಓಡಿದರು. ಅದನ್ನು ಕೇಳಿ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ.

"ಯಾರು ನೋಡ್ತಾರೆ ಇದಿನಬ್ಬಾಕ? ಅಷ್ಟು ದೂರ ಬಿಟ್ಟುಬಿಡಬಾರದಿತ್ತಾ?"

"ಕೊನೆಗೆ ಅಷ್ಟೇ ದೂರ ಕಮ್ಮಿ ಬಿದ್ರೆ ಟೀಚರ್?"

ಡಿಸೆಂಬರ್ ಮುಗಿಯುವಾಗ ಅವರು ವಾಮದಪದವಿನವರೆಗೂ ನಿಲ್ಲದೆ ಓಡುತ್ತಿದ್ದರು. ಬಸ್ಸಿನಲ್ಲಿ ಕೂತವರೆಲ್ಲ ಅವರ ಪರ. ನನಗೂ ನಿಜವಾಗಿ ಆಸೆ ಹುಟ್ಟಿತು, ಅದರ ಜೊತೆಗೆ ಹೆದರಿಕೆಯೂ.

ಇನ್ನು ಮುಂದಿನದು ನಾನು ಕಂಡದ್ದಲ್ಲ. ಅರ್ಧ ಇದಿನಬ್ಬಾಕ ಹೇಳಿದ್ದು, ಅರ್ಧ ರಂಜಿತ್ ಹೇಳಿದ್ದು.

ನಾಸಿಕದ ಚಳಿಗೆ ಇದಿನಬ್ಬಾಕ ಮಫ್ಲರ್ ಸುತ್ತಿಕೊಂಡೇ ಹೊರಟರಂತೆ. ಕಣ್ಣು ಹಾಯುವವರೆಗೂ ದ್ರಾಕ್ಷಿ. "ಎಂತ ಮಾರಾಯ್ರೆ, ಊರಿಡೀ ಬಸಳೆ ಚಪ್ಪರ!" ಎಂದು ನಕ್ಕರಂತೆ. ಕೆಂಪು ಧೂಳಿನ ದಾರಿ, ಏರು, ಇಳಿತ, ಮತ್ತೆ ಏರು. ಇದಿನಬ್ಬಾಕ ತಮ್ಮ ಸ್ಟಾಪುಗಳ ಹೆಸರು ಹೇಳಿಕೊಂಡೇ ಓಡಿದರು. ಇದು ಬಂಟ್ವಾಳ ಪೇಟೆ, ಇದು ಜಕ್ರಿಬೆಟ್ಟು. ದಾರಿಯಲ್ಲಿ ಯಾರೂ ಲಿಫ್ಟ್ ಕೊಡುತ್ತೇನೆ ಎನ್ನಲಿಲ್ಲ. ಅದೇ ದೊಡ್ಡ ಸುಖ ಎಂದರು.

ಆ ಓಟದಲ್ಲಿ ಒಂದು ನಿಯಮವಿತ್ತು. ಎಲ್ಲರ ಹಿಂದೆ ಒಂದು ಬಸ್ಸು ನಿಧಾನವಾಗಿ ಬರುತ್ತದೆ. ಓಡಲಾಗದೆ ಕೂತವರನ್ನು ಹತ್ತಿಸಿಕೊಳ್ಳುತ್ತದೆ. ಆ ಬಸ್ಸು ಹತ್ತಿದವರ ಓಟ ಅಲ್ಲಿಗೇ ಮುಗಿಯಿತು. ಎದೆಗೆ ಸಿಕ್ಕಿಸಿದ ನಂಬರನ್ನು ಕಳಚಿ ಕೊಡಬೇಕು. ವಾಮದಪದವು ಬಂತು ಎಂದು ಇದಿನಬ್ಬಾಕ ಲೆಕ್ಕ ಹಾಕುವಷ್ಟರಲ್ಲಿ ಆ ಬಸ್ಸು ಅವರ ಬೆನ್ನಿಗೇ ಇತ್ತು. ಆದರೂ ಸಮಯವಿತ್ತು. ಉಳಿದದ್ದು ಸ್ವಲ್ಪವೇ ದಾರಿ, ಅದೂ ಇಳಿಜಾರು. ಗೆಲ್ಲುತ್ತೇನೆ ಎಂದು ಅವರಿಗೆ ಖಾತ್ರಿಯಾಗಿತ್ತು.

ಆಗ ಮುಂದೆ ಓಡುತ್ತಿದ್ದ ಒಬ್ಬ ದಪ್ಪ ಮನುಷ್ಯ ದಾರಿಯ ಬದಿಯಲ್ಲಿ ಕೂತುಬಿಟ್ಟ. ಬಸ್ಸು ಬಂದು ನಿಂತಿತು. ಕೂತವನಿಗೆ ಏಳಲಾಗುತ್ತಿಲ್ಲ. ಇದಿನಬ್ಬಾಕ ತಮ್ಮಷ್ಟಕ್ಕೆ ಮುಂದೆ ಓಡಬಾರದಿತ್ತೇ? ಇಲ್ಲ. ಹೋಗಿ ಅವನ ರಟ್ಟೆ ಹಿಡಿದು ಎಬ್ಬಿಸಿ, "ನಿಧಾನ, ನಿಧಾನ, ಮೆಟ್ಟಿಲು ನೋಡಿ" ಎಂದು ಹಿಂಬಾಗಿಲಲ್ಲಿ ಹತ್ತಿಸಿದರು. ಬಸ್ಸಿನ ಉಸ್ತುವಾರಿಗೆ ನಿಂತಿದ್ದ ಮರಾಠಿ ಹುಡುಗಿ, ಆಯಿತು ಎಂದು ಡ್ರೈವರಿಗೆ ಎರಡು ವಿಸಿಲ್ ಊದಿದಳು.

ಬಸ್ಸು ಹೊರಟಿತು. ಇದಿನಬ್ಬಾಕ ನಾಲ್ಕು ಹೆಜ್ಜೆ ಓಡಿದರು, ಕಂಬಿ ಹಿಡಿದರು, ಹಾರಿ ಹತ್ತಿದರು. ಬದಿಯ ತಗಡಿಗೆ ಬಡಿದು "ರೈಟ್ ಪೋಯಿ!" ಎಂದರು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ತನ್ನ ಬಸ್ಸನ್ನು ಹಿಡಿಯಲಾಗದೆ ಹೋದ ಮನುಷ್ಯ, ಹಿಡಿಯಲೇಬಾರದ ಬಸ್ಸನ್ನು ಎಷ್ಟು ಚಂದ ಹಿಡಿದರು ನೋಡಿ! ಅಷ್ಟೇ ಅಲ್ಲ, ಒಳಗೆ ನುಗ್ಗಿ "ಟಿಕೆಟ್, ಟಿಕೆಟ್" ಎಂದು ಕೈ ಚಾಚಿದರು. ಮೊದಲ ಸೀಟಿನಲ್ಲಿ ತೊಡೆ ಹಿಡಿದುಕೊಂಡು ಕೂತಿದ್ದವನು ರಂಜಿತ್. ಮೊದಲ ಏರಿನಲ್ಲೇ ಅವನ ಸ್ನಾಯು ಹಿಡಿದು, ಅಲ್ಲಿಂದಲೇ ಅವನು ಬಸ್ಸಿನಲ್ಲಿದ್ದ.

"ಇದಿನಬ್ಬಾಕ, ನೀವು ಯಾಕೆ ಹತ್ತಿದಿರಿ?"

ಆಗ ಅವರಿಗೆ ಎಚ್ಚರವಾಯಿತು. ಬಸ್ಸು ಅಷ್ಟರಲ್ಲಿ ಒಂದು ತಿರುವು ದಾಟಿತ್ತು. ಇದಿನಬ್ಬಾಕ ಒಂದು ವಿಸಿಲ್ ಹೊಡೆದರು, ಬಾಯಲ್ಲೇ, ಬೆರಳಿಟ್ಟು. ಬಸ್ಸು ನಿಂತಿತು. ಹುಡುಗಿ ನಂಬರ್ ಕೇಳಿದಳು. ಇದು ತಪ್ಪಿ ಹತ್ತಿದ್ದು, ಬಿಟ್ಟುಬಿಡು ಎಂದು ರಂಜಿತ್ ಹಿಂದಿಯಲ್ಲಿ ಗೋಗರೆದ. ನಿಯಮ ನಿಯಮವೇ ಎಂದಳು ಹುಡುಗಿ. ಅವಳದೇನೂ ತಪ್ಪಿಲ್ಲ.

ಇದಿನಬ್ಬಾಕ ತಾವೇ ಪಿನ್ನು ಬಿಚ್ಚಿ ನಂಬರನ್ನು ಅವಳ ಕೈಗೆ ಕೊಟ್ಟರು. "ನಂಬರ್ ಇಟ್ಕೊಳ್ಳಿ ಮಗಳೇ. ನನ್ನನ್ನು ಹತ್ತಿದ ಜಾಗಕ್ಕೆ ಬಿಡಿ," ಎಂದು ಹಿಂದಿನ ತಿರುವಿನತ್ತ ಕೈ ತೋರಿಸಿದರು.

ಹುಡುಗಿಗೆ ಅರ್ಥವಾಗಲಿಲ್ಲ. ಡ್ರೈವರಿಗೆ ಅರ್ಥವಾಯಿತು. ವಯಸ್ಸಾದ ಮನುಷ್ಯ, ಅವನೂ ಬಸ್ಸಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ರಿವರ್ಸ್ ಗೇರ್ ಹಾಕಿದ. ಇದಿನಬ್ಬಾಕ ಇಳಿದು ಬಸ್ಸಿನ ಹಿಂದೆ ನಿಂತು, "ಬರ್ಲಿ, ಬರ್ಲಿ, ಬರ್ಲಿ, ಹೋ!" ಎಂದು ತಗಡು ಬಡಿಯುತ್ತ, ಆ ತಿರುವಿನಲ್ಲಿ ಅದನ್ನು ಹಿಂದೆ ತಂದು, ಸರಿಯಾಗಿ ತಾವು ಹತ್ತಿದ ಜಾಗದಲ್ಲಿ ನಿಲ್ಲಿಸಿದರು. ಆಮೇಲೆ ಅದರ ಮುಂದೆ ಬಂದು ಓಡತೊಡಗಿದರು. ಎದೆಯ ಮೇಲೆ ನಂಬರ್ ಇಲ್ಲ. ಓಡಿದರೆ ಲಾಭವೂ ಇಲ್ಲ. ಡ್ರೈವರ್ ಒಂದು ಸಲವೂ ಹಾರ್ನ್ ಹೊಡೆಯದೆ ಹಿಂದೆ ಬಂದ. ಬಸ್ಸಿನಲ್ಲಿ ಸೋತು ಕೂತಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದರಂತೆ, ಯಾವ ಭಾಷೆಯಲ್ಲೋ.

ಅವರು ಕೊನೆ ಮುಟ್ಟುವಾಗ ಅಲ್ಲಿನ ಗಾಳಿ ತುಂಬಿದ ಕಮಾನನ್ನು ಇಳಿಸುತ್ತಿದ್ದರು. ಅರ್ಧ ಕುಸಿದ ಕಮಾನಿನ ಅಡಿಯಿಂದ ಇದಿನಬ್ಬಾಕ ತಲೆ ತಗ್ಗಿಸಿ ದಾಟಿದರು. ಪದಕ ಇಲ್ಲ, ಲೆಕ್ಕ ಇಲ್ಲ. ಒಬ್ಬ ವೈನಿನ ಗ್ಲಾಸು ಚಾಚಿದ. ಬೇಡ ಎಂದು ಕೈಮುಗಿದು ಒಂದು ಗೊಂಚಲು ದ್ರಾಕ್ಷಿ ಕೇಳಿ ಪಡೆದು, ಸಫಿಯಮ್ಮನಿಗೆಂದು ಮಫ್ಲರಿನಲ್ಲಿ ಕಟ್ಟಿಕೊಂಡರು. ಕುಂಟುತ್ತ ಇಳಿದು ಬಂದ ರಂಜಿತ್ ಏನೋ ಹೇಳಲು ಬಾಯಿ ತೆರೆದ. ಇವರು ಬಿಡಲಿಲ್ಲ.

"ಮಾತು ಮಾತೇ ದಣಿ. ನಾನು ಬಸ್ ಹತ್ತಿದ್ದೇನೆ. ಊರಿಗೆ ಹೋದ ಮೇಲೆ ಕುರ್ಚಿಯಲ್ಲಿ ಕೂತುಕೊಳ್ತೇನೆ."



ಅವರು ಊರಿಗೆ ಮರಳಿದ ಮೇಲಿನ ಸೋಮವಾರವನ್ನು ಮಾತ್ರ ನಾನು ಕಣ್ಣಾರೆ ಕಂಡೆ. ಬಿ.ಸಿ.ರೋಡ್ ಸ್ಟ್ಯಾಂಡಿನಲ್ಲಿ ಇದಿನಬ್ಬಾಕ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಟೈಮ್ ಕೀಪರ್ ಕುರ್ಚಿಯಲ್ಲಿ ಕೂತಿದ್ದರು. ಕೈಗಳನ್ನು ಎಲ್ಲಿಡುವುದೆಂದು ಗೊತ್ತಾಗದೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನನ್ನನ್ನು ಕಂಡು, "ಸೀಟು ಉಂಟು, ಹತ್ತಿ ಟೀಚರ್" ಎಂದರು. ಆ ಮಾತು ಕೇಳಿ ನನಗೆ ಯಾರ ಮೇಲೆಂದು ಗೊತ್ತಿಲ್ಲದೆ ಕೋಪ ಬಂತು. ರಂಜಿತನಿಗೆ ಎರಡು ಮಾತು ಹೇಳಿಯೇ ಬಿಡುವುದೆಂದುಕೊಳ್ಳುತ್ತ ಬಸ್ಸು ಹತ್ತಿ ನೋಡಿದರೆ, ಅವನೇ ಹಿಂಬಾಗಿಲ ಹತ್ತಿರ ಕೆಳಗೆ ನಿಂತಿದ್ದ. ಹೊಸ ಕಂಡಕ್ಟರ್ ಯಾರೂ ಕಾಣಲಿಲ್ಲ. ಹೊರಡುವ ಹೊತ್ತಾಯಿತು. ರಂಜಿತ್ ಕಿಸೆಯಿಂದ ವಿಸಿಲ್ ತೆಗೆದು, ಕುರ್ಚಿಯ ಕಡೆಗೇ ನೋಡುತ್ತ, ಎರಡು ಸಲ ಊದಿದ.

ಬಸ್ಸು ಹೊರಟಿತು. ಕುರ್ಚಿ ಬಿದ್ದ ಸದ್ದು ಕೇಳಿಸಿತು. ಇದಿನಬ್ಬಾಕ ಓಡಿ ಬಂದರು, ಕಂಬಿ ಹಿಡಿದರು, ಹಾರಿ ಹತ್ತಿದರು. ತಾವೀಗ ಕಂಡಕ್ಟರ್ ಅಲ್ಲವೆಂದು ಹತ್ತಿದ ಮೇಲೆ ನೆನಪಾಯಿತು. ನಾಚಿಕೆಯಿಂದ ಇಳಿಯಲು ಕಾಲು ತೆಗೆದರು. ಪಕ್ಕದಲ್ಲೇ ಕುಂಟುತ್ತ ಓಡುತ್ತಿದ್ದ ರಂಜಿತ್ ಆ ವಿಸಿಲನ್ನು ಅವರ ಕೈಗೆ ತುರುಕಿದ.

"ಎಲ್ಲಿಗೆ ಇಳಿಯುದು? ಹತ್ತಿದವರನ್ನು ಇಳಿಸುವ ಕ್ರಮ ನಮ್ಮ ಬಸ್ಸಿನಲ್ಲಿ ಇಲ್ಲ ಇದಿನಬ್ಬಾಕ!"

ನನಗೆ ಅಳು ಬಂತು. ಚೀಲದಲ್ಲಿ ಚಿಲ್ಲರೆ ಹುಡುಕುವವಳಂತೆ ತಲೆ ತಗ್ಗಿಸಿದೆ. ಬಸ್ಸು ಬಂಟ್ವಾಳ ಪೇಟೆ ದಾಟುವವರೆಗೂ ಇದಿನಬ್ಬಾಕ ಹಿಂಬಾಗಿಲಲ್ಲಿ ನಮಗೆ ಬೆನ್ನು ಹಾಕಿ ಹೊರಗೆ ನೋಡುತ್ತ ನಿಂತಿದ್ದರು. ಆಮೇಲೆ ಮುಖ ಒರೆಸಿಕೊಂಡು ನನ್ನ ಸೀಟಿನ ಹತ್ತಿರ ಬಂದು, ದಿನದ ಹಾಗೆ, "ಟಿಕೆಟ್ ಟೀಚರ್" ಎಂದರು.