ಬನ್ನಿಯ ದಿನದ ರಿವಾಲ್ವರ್

ಹೊಸಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಮರುಳಪ್ಪನನ್ನು ಯಾರಾದರೂ ಹುಟ್ಟಾ ಕೊಲೆಗಾರ ಎಂದರೆ ನನಗೆ ಮೈ ಉರಿಯುತ್ತದೆ. ನಾನು ಅವನ ಪಕ್ಕದ ಮನೆಯವನು, ಊರ ಶಾಲೆಯ ಮೇಷ್ಟ್ರು. ಗಿರಣಿಗೆ ಹಾವು ಬಂದರೆ ಹೊಡೆಯಲು ಬೇರೆಯವರನ್ನು ಕೂಗುತ್ತಿದ್ದ ಪುಕ್ಕಲ ಅವನು.

೧೯೭೯ರಲ್ಲಿ ಹೊಲದ ಬದುವಿನ ಜಗಳಕ್ಕೆ ಅವನ ಚಿಕ್ಕಪ್ಪನ ಮಗ ಗಂಗಪ್ಪ, ಮರುಳಪ್ಪನ ತಮ್ಮನನ್ನು ಅವನ ಕಣ್ಣೆದುರೇ ಕೊಡಲಿಯಿಂದ ಕಡಿದ. ಮೊದಲ ಏಟು ಹೆಗಲಿಗೆ, ಎರಡನೆಯದು ಕುತ್ತಿಗೆಗೆ. ಅರ್ಧ ತುಂಡಾದ ಆ ಕುತ್ತಿಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಮರುಳಪ್ಪ ಗಾಡಿ ಬರುವ ತನಕ ಕೂತಿದ್ದ. ಅವನ ಸಾಕ್ಷಿಯಿಂದ ಗಂಗಪ್ಪನಿಗೆ ಜೀವಾವಧಿಯಾಯಿತು. ಗಂಗಪ್ಪನ ತಮ್ಮ ಜಂಬಣ್ಣ ಈ ಸೇಡು ತೀರಿಸದೆ ಬಿಡುವುದಿಲ್ಲ ಎಂಬ ಮಾತು ಹಬ್ಬಿತು. ಹಬ್ಬಿಸಿದವರು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುವ ನಮ್ಮೂರ ಮಹನೀಯರು. ಜಂಬಣ್ಣ ಹಾಗೆ ಅಂದದ್ದನ್ನು ಕಿವಿಯಾರೆ ಕೇಳಿದವರು ಒಬ್ಬರೂ ಇರಲಿಲ್ಲ.

ಮರುಳಪ್ಪ ಲೈಸೆನ್ಸಿಗಾಗಿ ಕೂಡ್ಲಿಗಿ, ಬಳ್ಳಾರಿ ಎಂದು ಎರಡು ವರ್ಷ ಅಲೆದ. ಕೊನೆಗೆ ಬೆಂಗಳೂರಿನಿಂದ ಆರು ಗುಂಡಿನ ರಿವಾಲ್ವರ್ ತಂದ.

"ಮೇಷ್ಟ್ರ, ಅಂಗಡ್ಯಾವ ಏನಂದ ಗೊತ್ತೈತೇನ್ರಿ? ಮೊಮ್ಮಕ್ಕಳ ಕಾಲಕ್ಕೂ ಕೆಡಂಗಿಲ್ಲಂತ. ಗುರಿ ಅಂದ್ರ ಗುರಿ!" ಎಂದವನೇ ನನ್ನನ್ನು ಗುಡ್ಡಕ್ಕೆ ಕರೆದೊಯ್ದು, ಬಂಡೆಯ ಮೇಲೆ ಸೋರೆಕಾಯಿ ಇಟ್ಟು ಹೊಡೆದ. ಆರರಲ್ಲಿ ಐದು ಕಾಯಿಗೇ ತಗುಲಿದವು. ನಾನು ಚಪ್ಪಾಳೆ ತಟ್ಟಿದೆ.

ಆಮೇಲೆ ಆ ಕಬ್ಬಿಣವೇ ಅವನನ್ನು ಆಳತೊಡಗಿತು. ಊಟಕ್ಕೆ ಕೂತರೆ ತೊಡೆಯ ಮೇಲೆ, ಮಲಗಿದರೆ ದಿಂಬಿನ ಕೆಳಗೆ. ಗಿರಣಿಯಲ್ಲಿ ತನ್ನ ಸರದಿ ಯಾವಾಗ ಎಂದು ಎರಡನೆಯ ಸಲ ಕೇಳಿದ ಪಾಲಯ್ಯನ ಬಾಯಿಗೆ ಅದರ ಹಿಡಿಯಿಂದ ಗುದ್ದಿದ. ಎರಡು ಹಲ್ಲು ಜೋಳದ ಹಿಟ್ಟಿನಲ್ಲಿ ಬಿದ್ದವು. ಬಿಡಿಸಲು ಬಂದ ಹೆಂಡತಿ ದಾಕ್ಷಾಯಣಮ್ಮನ ಹಣೆಗೇ ನಳಿಗೆ ಒತ್ತಿದ. ಅಂದು ಆಕೆ ನಮ್ಮ ಮನೆಗೆ ಬಂದು ಅತ್ತಳು.

"ಇವರು ಜಂಬಣ್ಣನ್ನ ಕೊಲ್ತಾರ್ರಿ, ಇಲ್ಲಾಂದ್ರ ನನ್ನ. ಏನಾರ ಮಾಡ್ರಿ ಮೇಷ್ಟ್ರ."

ಆ ಮನೆತನದಲ್ಲಿ ಇನ್ನೊಂದು ಹೆಣ ಬೀಳಬಾರದು ಎಂದು ನಾನು ಹಟ ತೊಟ್ಟೆ. ನನಗೆ ಹೊಳೆದದ್ದು ಬನ್ನಿ. ದಸರೆಯಲ್ಲಿ ಬನ್ನಿ ಎಲೆ ಕೊಟ್ಟು ಕಾಲಿಗೆ ಬಿದ್ದವನನ್ನು, ಹಗೆಯಾದರೂ, ನಮ್ಮ ಕಡೆ ತಳ್ಳುವುದಿಲ್ಲ. ಅಲ್ಲದೆ ಪೂಜೆಗೆ ಇಟ್ಟ ಆಯುಧವನ್ನು ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ೧೯೮೩ರ ಆಯುಧಪೂಜೆಯಂದು ಮರುಳಪ್ಪ ರಿವಾಲ್ವರಿಗೆ ವಿಭೂತಿ ಬಳಿದು, ಕುಡುಗೋಲು, ಗಿರಣಿಯ ನಟ್ಟು ಬಿಗಿಯುವ ಪಾನಾಗಳ ಜೊತೆ ದೇವರ ಮುಂದೆ ಇಟ್ಟದ್ದನ್ನು ನಾನೇ ನೋಡಿದೆ. ಜಂಬಣ್ಣ ಬನ್ನಿ ಕೊಡಲು ಬರುವುದನ್ನು ಗಂಡನಿಗೆ ಮೊದಲೇ ತಿಳಿಸೋಣ ಎಂದಳು ದಾಕ್ಷಾಯಣಮ್ಮ. ತಿಳಿದರೆ ಮನೆಯಲ್ಲಿ ನಿಲ್ಲುವುದಿಲ್ಲ, ಬೇಡ ಎಂದೆ. ಬುದ್ಧಿವಂತ ನಾನು!

ಜಂಬಣ್ಣನ ಮನೆಗೆ ಹೋಗಿ, "ನಾಳೆ ಬನ್ನಿ ತಗೊಂಡು ಬಾ. ಅದು ದೇವರ ಮುಂದೈತಿ, ಅವನ ಕೈಯಾಗಿಲ್ಲ" ಎಂದೆ. ಅವನ ಹೆಂಡತಿ ಎರ್ರಮ್ಮ ಅಲ್ಲೇ ನಿಂತು ಕೇಳುತ್ತಿದ್ದಳು.

"ನನಗೂ ಸಾಕಾಗೈತ್ರಿ. ನೀವು ಹೇಳಿದ ಮ್ಯಾಲ ಬರ್ತೀನಿ" ಎಂದ ಜಂಬಣ್ಣ.

ಮರುದಿನ ಸಂಜೆ ನಾವಿಬ್ಬರೂ ಹೋದಾಗ ಮರುಳಪ್ಪ ಶಾಲು ಹೊದ್ದು ಪಡಸಾಲೆಯಲ್ಲಿ ಕೂತಿದ್ದ. ಜಂಬಣ್ಣ ಎಲೆಗಳನ್ನು ವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದ್ದ.

"ಬನ್ನಿ ತಗೋ ಅಣ್ಣಾ, ಬಂಗಾರದಂಗ ಇರೋಣು" ಎನ್ನುತ್ತ ಬಗ್ಗಿದ. ಕೈ ಸೊಂಟಕ್ಕೆ ಹೋಯಿತು.

ಶಾಲಿನೊಳಗಿನಿಂದಲೇ ಗುಂಡು ಹಾರಿತು. ಬೆಳಿಗ್ಗೆಯೇ ಮರುಳಪ್ಪ ರಿವಾಲ್ವರನ್ನು ದೇವರ ಮುಂದಿನಿಂದ ಎತ್ತಿಕೊಂಡಿದ್ದ. ಮೊದಲನೆಯದು ಗಂಟಲಿಗೆ, ಎರಡನೆಯದು ಕಣ್ಣಿಗೆ. ಜಂಬಣ್ಣನ ಗಂಟಲಿನಿಂದ ಗೊರಗೊರ ಸದ್ದು ಬಂತು, ಹಿಮ್ಮಡಿ ನೆಲಕ್ಕೆ ನಾಲ್ಕೈದು ಸಲ ಬಡಿಯಿತು. ಎಲೆಗಳು ರಕ್ತದಲ್ಲಿ ಚೆಲ್ಲಿದವು. ದಾಕ್ಷಾಯಣಮ್ಮ ಕಿರುಚಲಿಲ್ಲ. ಒಳಗೆ ಹೋಗಿ ಪೂಜೆಯ ಕುಡುಗೋಲು ತಂದು ಹೆಣದ ಕೈಗೆ ತುರುಕಿದಳು, ಎಲೆಗಳನ್ನೆಲ್ಲ ಬಾಚಿ ಒಲೆಗೆ ಹಾಕಿದಳು. ಕುಡುಗೋಲಿನ ಮೇಲಿನ ಕುಂಕುಮವನ್ನು ನನ್ನ ಪಂಚೆಯಿಂದ ಒರೆಸಿದವನು ನಾನು.

ಜಾಮೀನಿನ ಮೇಲೆ ಹೊರಗಿದ್ದ ಎರಡು ವರ್ಷ, ಗಿರಣಿಯಲ್ಲಿ ಯಾರಾದರೂ ಚೀಲ ಎತ್ತಲು ಬಗ್ಗಿದರೆ ಸಾಕು, ಮರುಳಪ್ಪ ಗೋಡೆಗೆ ಅಂಟಿಕೊಂಡು ನಡುಗುತ್ತಿದ್ದ. ಬಳ್ಳಾರಿಯ ಕೋರ್ಟಿನಲ್ಲಿ ಎರ್ರಮ್ಮ, ಮೇಷ್ಟ್ರೇ ಕರೆದಿದ್ದರು ಎಂದಳು. ಜಂಬಣ್ಣ ತಾನಾಗಿಯೇ ಕುಡುಗೋಲು ಹಿಡಿದು ಬಂದ ಎಂದೆ ನಾನು. ನಿಜ ಹೇಳಿದ್ದರೆ ನನ್ನ ಮರ್ಯಾದೆಯೂ ನೌಕರಿಯೂ ಹೋಗುತ್ತಿದ್ದವು. ಆತ್ಮರಕ್ಷಣೆ ಎಂದು ಮರುಳಪ್ಪನನ್ನು ಬಿಟ್ಟರು.

ಹೊರಗೆ ಜಗಲಿಯಲ್ಲಿ ಅವನು ನನ್ನ ಎರಡೂ ಕೈ ಹಿಡಿದು ಅಳುತ್ತಿದ್ದಾಗ ಎರ್ರಮ್ಮ ಹತ್ತಿರ ಬಂದಳು. ಉಗುಳುತ್ತಾಳೆ ಎಂದುಕೊಂಡೆ.

"ಮೇಷ್ಟ್ರ, ತೀರ್ಪು ಆಗಿ ಹೋತು. ನೀವ ಕರದಿದ್ರಿ ಅಂತ ನನ್ನ ಮಕ್ಕಳ ಮುಂದೊಮ್ಮೆ ಹೇಳ್ರಿ, ಸಾಕು. ಅಪ್ಪ ಕೊಲ್ಲಾಕ ಹೋಗಿದ್ದ ಅಂತ ನಂಬ್ಯಾವ ಅವು."

ಮರುಳಪ್ಪ ಅಳು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ.

"ನಾ ಕರದಿಲ್ಲಮ್ಮಾ" ಎಂದೆ.